ಓವರ್‌ಟೇಕ್ ಮಾಡುವ ಮುನ್ನ



ರಸ್ತೆ ಸುರಕ್ಷತೆ ಎಂದೊಡನೆ ನಮಗೆ ಹೆಲ್ಮೆಟ್, ಮೊಬೈಲ್, ವೇಗ ಇವು ನೆನಪಾಗುತ್ತವೆ. ಅವೆಲ್ಲ ಮುಖ್ಯವೇ. ಆದರೆ ಇಂದು ನಾನು ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಮುಂದಿನ ವಾಹನವನ್ನು ಹಿಂದಿಕ್ಕುವುದು, ಅಂದರೆ ಓವರ್‌ಟೇಕ್.

ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ನಾವು ಬಲಕ್ಕೆ ಸರಿದು, ಎದುರಿನಿಂದ ಬರುವವರ ಪಾಲಿನ ದಾರಿಗೆ ಹೋಗುತ್ತೇವೆ. ಅದು ನಮ್ಮದಲ್ಲ, ಕೆಲವು ಕ್ಷಣಗಳಿಗೆ ಪಡೆದ ಸಾಲ. ಸಾಲ ಮಾಡುವ ಮುನ್ನ ತೀರಿಸಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕಲ್ಲವೇ?

ಆ ಲೆಕ್ಕ ಹೀಗಿದೆ. ಮುಂದಿನ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿದೆ, ನೀವು 60ರಲ್ಲಿದ್ದೀರಿ. ಬಸ್ಸಿನ ಉದ್ದ ಹಾಗೂ ಅದರ ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ ಸುಮಾರು 45 ಮೀಟರ್ ಎಂದಿಟ್ಟುಕೊಳ್ಳಿ. ಅದನ್ನು ದಾಟಲು ನಿಮಗೆ 8 ಸೆಕೆಂಡು ಬೇಕು. ಅಷ್ಟರಲ್ಲಿ ನೀವು ಸುಮಾರು 133 ಮೀಟರ್ ಮುಂದೆ ಹೋಗಿರುತ್ತೀರಿ. ಎದುರಿನ ವಾಹನವೂ 60ರ ವೇಗದಲ್ಲಿದ್ದರೆ ಅದೂ 133 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಕನಿಷ್ಠ 270 ಮೀಟರ್ ರಸ್ತೆ ಖಾಲಿ ಕಾಣಬೇಕು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅಷ್ಟು ದೂರ ಎಲ್ಲಿ ಕಾಣುತ್ತದೆ, ನೀವೇ ಹೇಳಿ.

ಕಾನೂನು ಹೇಳುವುದೂ ಇದನ್ನೇ. ತಿರುವು, ದಿಬ್ಬ, ರಸ್ತೆ ಕೂಡುವ ಜಾಗ, ಪಾದಚಾರಿಗಳು ದಾಟುವ ಜಾಗ, ಹೀಗೆ ಮುಂದಿನ ದಾರಿ ಸ್ಪಷ್ಟವಾಗಿ ಕಾಣದ ಅಥವಾ ಇತರರಿಗೆ ಅಪಾಯವಾಗುವ ಕಡೆ ಓವರ್‌ಟೇಕ್ ಮಾಡಬಾರದು. ನಮ್ಮ ಬದಿಗೆ ತುಂಡಾಗದ ಉದ್ದ ಗೆರೆ ಇದ್ದರೆ ಅದನ್ನು ದಾಟಬಾರದು. ನಮ್ಮ ಹಿಂದಿನವನು ಆಗಲೇ ಓವರ್‌ಟೇಕ್ ಆರಂಭಿಸಿದ್ದರೆ ನಾವು ಹೊರಡಬಾರದು. ಆದ್ದರಿಂದ ಮೊದಲು ಕನ್ನಡಿ, ನಂತರ ಇಂಡಿಕೇಟರ್, ಆಮೇಲೆ ಬಲಕ್ಕೆ. ಎಡದಿಂದ ನುಗ್ಗುವುದು ಬೇಡ. ಲಾರಿ ಚಾಲಕನಿಗೆ ಆ ಬದಿ ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ಮಾತು. ನಮ್ಮ ಹೆದ್ದಾರಿಗಳಲ್ಲಿ ಕೆಲವು ಲಾರಿ ಚಾಲಕರು "ಮುಂದೆ ಹೋಗು" ಎನ್ನಲು ಬಲಗಡೆಯ ಇಂಡಿಕೇಟರ್ ಹಾಕುವುದುಂಟು. ಆದರೆ ನಿಯಮದ ಪ್ರಕಾರ ಅದರ ಅರ್ಥ, ತಾನು ಬಲಕ್ಕೆ ತಿರುಗುತ್ತೇನೆ ಎಂದು. ಅದನ್ನು ಅನುಮತಿಯೆಂದು ನಂಬಿ ಹೊರಟವನು ತಿರುಗುವ ಲಾರಿಗೇ ಸಿಕ್ಕಿಬೀಳಬಹುದು. ಅವರು ಒಳ್ಳೆಯ ಮನಸ್ಸಿನಿಂದಲೇ ಸಂಜ್ಞೆ ಮಾಡಿದ್ದರೂ ನೋಡಬೇಕಾದದ್ದು ನಿಮ್ಮ ಕಣ್ಣು. ಹಾರ್ನ್ ಹೊಡೆದ ಮಾತ್ರಕ್ಕೂ ರಸ್ತೆ ಖಾಲಿಯಾಗುವುದಿಲ್ಲ.

ನಿಲ್ದಾಣದಲ್ಲಿ ನಿಂತ ಬಸ್ಸನ್ನು ದಾಟುವಾಗ ವೇಗ ತಗ್ಗಿಸಿರಿ. ಅದರ ಮುಂಭಾಗದಿಂದ ಶಾಲೆಯ ಮಗುವೊಂದು ರಸ್ತೆಗೆ ಓಡಿ ಬರಬಹುದು. ಹಾಗೆಯೇ, ಬೇರೊಬ್ಬರು ನಮ್ಮನ್ನು ಓವರ್‌ಟೇಕ್ ಮಾಡುವಾಗ ವೇಗ ಹೆಚ್ಚಿಸುವುದು ತಪ್ಪು. ಅದು ಸೋಲು ಗೆಲುವಿನ ಪ್ರಶ್ನೆಯಲ್ಲ. ಸ್ನೇಹಿತರು ಹಿಂದೆ ಕುಳಿತು ಹುರಿದುಂಬಿಸಿದಾಗ ಇದನ್ನು ವಿಶೇಷವಾಗಿ ನೆನಪಿಡಿ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ, ನಿಯಮ ಮೀರಿದ ಓವರ್‌ಟೇಕ್ ಕೂಡ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. 184ನೇ ಕಲಮಿನ ಪ್ರಕಾರ ಮೊದಲ ಅಪರಾಧಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಸೆರೆಮನೆ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಷ್ಟೆಲ್ಲ ಅಪಾಯಕ್ಕೆ ಸಿಗುವ ಲಾಭವಾದರೂ ಎಷ್ಟು? ಐದು ಕಿ.ಮೀ. ಘಾಟಿಯನ್ನು ಲಾರಿಯ ಹಿಂದೆ 30ರ ವೇಗದಲ್ಲಿ ಹೋದರೆ 10 ನಿಮಿಷ. 40ರಲ್ಲಿ ಹೋದರೆ ಏಳೂವರೆ ನಿಮಿಷ. ಉಳಿಯುವುದು ಎರಡೂವರೆ ನಿಮಿಷ ಮಾತ್ರ!

ಎದುರಿನಿಂದ ಬರುವ ಬೈಕಿನಲ್ಲಿ ಒಂದು ಕುಟುಂಬವೇ ಇರಬಹುದು. ಅವರು ತಮ್ಮ ಪಾಲಿನ ದಾರಿಯಲ್ಲಿ ಸರಿಯಾಗಿಯೇ ಬರುತ್ತಿದ್ದಾರೆ. ನಮ್ಮ ಅವಸರದ ಬೆಲೆಯನ್ನು ಅವರು ತೆರುವಂತಾಗಬಾರದು. ಸಂದೇಹ ಬಂದರೆ ಹಿಂದೆಯೇ ಉಳಿಯಿರಿ. ತಡವಾಗಿಯಾದರೂ ಮನೆ ಸೇರಿರಿ.