ಮೂಡಲಪಾಳ್ಯದ ಸಂಪು ಮತ್ತು ಅಂತರರಾಷ್ಟ್ರೀಯ ಕಾನೂನು



ಅಂತರರಾಷ್ಟ್ರೀಯ ಕಾನೂನು ಎಂದರೆ ಹೇಗ್, ಜಿನೀವಾ ಕಣ್ಣಮುಂದೆ ಬರುತ್ತವೆ. ನಾನು ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯದ ಸಂಪಿನಿಂದ ಆರಂಭಿಸುತ್ತೇನೆ. ‘ಕಾವೇರಿ ಬಿಟ್ರು’ ಎಂದು ಯಾರಾದರೂ ಕೂಗಿದ ಕೂಡಲೇ ಮುಚ್ಚಳ ಸರಿಸಿ ನೋಡುತ್ತೇವಲ್ಲ, ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಕಡೆ ಪಂಪುಗಳಿಂದ ಎತ್ತಿಸಿಕೊಂಡು ಏರಿ ಬಂದದ್ದು. ಅದರಲ್ಲಿ ನಮಗೆ ಪಾಲಿದೆ ಎನ್ನುವ ವಿಚಾರ ಬಂದ ದಾರಿ ಇನ್ನೂ ಉದ್ದ.

ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಅವರನ್ನು ಸಂವಿಧಾನ ಸಭೆಯ ಸಲಹೆಗಾರರೆಂದು ನಾವು ಬಲ್ಲೆವು. ಅವರ 1942ರ ಸಿಂಧೂ ಆಯೋಗದ ವರದಿಯನ್ನು ಓದಿದವರು ಕಡಿಮೆ. ಮೇಲಿನ ಪಂಜಾಬು ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಒಣಗುತ್ತವೆ ಎಂದು ಸಿಂಧ್ ಪ್ರಾಂತ್ಯ ದೂರು ಕೊಟ್ಟಿತ್ತು. ಆಗ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ರಾವ್ ಇಬ್ಬರು ಇಂಜಿನಿಯರರೊಡನೆ ವಿಚಾರಣೆಗೆ ಕುಳಿತರು.

ಅವರು ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರಾಶಿ ಅಳೆಯುವ ಮೊದಲು ಕೊಳಗ ಯಾವುದೆಂದು ಇತ್ತಂಡಗಳನ್ನೂ ಒಪ್ಪಿಸಿದರು. ಅಮೆರಿಕದ ಸಂಸ್ಥಾನಗಳ ನದಿ ವ್ಯಾಜ್ಯಗಳನ್ನೂ ರಾಷ್ಟ್ರಗಳ ಒಪ್ಪಂದಗಳನ್ನೂ ಓದಿ, ತತ್ವಗಳನ್ನು ಎಲ್ಲ ವಕೀಲರ ಮುಂದಿಟ್ಟರು. ನದಿ ನನ್ನ ನೆಲದಲ್ಲಿ ಹರಿಯುವಾಗ ನನ್ನದೇ ಎಂಬ ಮೇಲಿನವರ ವಾದ ಸಲ್ಲದು. ಹಿಂದಿನಿಂದ ಬಂದಂತೆಯೇ ತುಂಬಿ ಬರಬೇಕೆಂಬ ಕೆಳಗಿನವರ ವಾದವೂ ಸಲ್ಲದು. ಒಪ್ಪಂದವೇ ಮೇಲು, ಅದಾಗದಿದ್ದರೆ ನ್ಯಾಯಸಮ್ಮತ ಹಂಚಿಕೆ. ಐದೇ ವರ್ಷಕ್ಕೆ ದೇಶ ಒಡೆದು, ಪ್ರಾಂತ್ಯಗಳ ಆ ಜಗಳ ಎರಡು ರಾಷ್ಟ್ರಗಳದಾಯಿತು. ರಾವ್ ಮುಂದೆ ವಿಶ್ವಸಂಸ್ಥೆಯ ಕಾನೂನು ಆಯೋಗದಲ್ಲಿದ್ದರು, 1950ರ ಜೂನಿನಲ್ಲಿ ಕೊರಿಯಾ ಯುದ್ಧ ಹೊತ್ತಿದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಹೇಗ್ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ 1953ರಲ್ಲಿ ತೀರಿಕೊಂಡರು.

ನ್ಯಾಯಸಮ್ಮತ ಹಂಚಿಕೆಯ ತತ್ವವನ್ನೇ 1966ರ ಹೆಲ್ಸಿಂಕಿ ನಿಯಮಗಳು ರಾಷ್ಟ್ರಗಳ ಮಟ್ಟದಲ್ಲಿ ಬರೆದಿಟ್ಟವು. ವಿದ್ವಾಂಸರ ಸಂಘವೊಂದು ರೂಪಿಸಿದ ನಿಯಮಗಳು ಅವು. ಅವುಗಳ ಹಿಂದೆ ಪೊಲೀಸರಿಲ್ಲ, ಸಹಿ ಹಾಕಿದ ಸರ್ಕಾರವೂ ಇಲ್ಲ. ಆದರೂ 2018ರ ಫೆಬ್ರವರಿ 16ರಂದು ನಮ್ಮ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಡುವಾಗ ಅವುಗಳನ್ನು ಪರಿಶೀಲಿಸಿತು. ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಾಕಿದ್ದ ಲೆಕ್ಕವನ್ನು ಬದಿಗಿಟ್ಟು, ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟು, ನಗರಕ್ಕೆ 4.75 ಟಿಎಂಸಿ ಹೆಚ್ಚಿಸಿತು. ಕರ್ನಾಟಕದ ಒಟ್ಟು ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಅಂದು ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ.

ಆದರೆ ಅದೇ ಹೆಲ್ಸಿಂಕಿ ನಿಯಮಗಳಲ್ಲಿ ಮಲಿನತೆಯ ಬಗ್ಗೆಯೂ ಒಂದು ಅಧ್ಯಾಯವಿದೆ. ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಪಶ್ಚಿಮ ಬೆಂಗಳೂರಿನ ಇಳಿಜಾರೆಲ್ಲ ವೃಷಭಾವತಿ ನದಿಗೆ. ಮೈಸೂರು ರಸ್ತೆಯ ಪಕ್ಕದಲ್ಲೇ ನೊರೆ ಹೊತ್ತು ಕೆಂಗೇರಿ ದಾಟಿ, ಬೈರಮಂಗಲ ಕೆರೆ ಹೊಕ್ಕು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಬೈರಮಂಗಲದ ರೈತರಿಗೆ ಮೇಲಿನವರು ನಾವೇ. ತಮಿಳುನಾಡು 2015ರಲ್ಲಿ ಈ ಕೊಳಚೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ದಾವೆ ಹೂಡಿತು. ಅದನ್ನು ರಾಜಕೀಯವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಸಂಪಿಗೆ ಬರುವ ನೀರಿಗೆ ತತ್ವ ಹಿಡಿದು, ಮೋರಿಗೆ ಬಿಡುವ ನೀರಿಗೆ ಅದನ್ನು ಕೈಬಿಡಲಾಗದು. ತಾನು ಕೇಳುವ ಹಕ್ಕನ್ನು ಕೆಳಗಿನವನಿಗೂ ಕೊಡುವವರ ಮಾತಿಗೇ ಈ ಕಾನೂನಿನಲ್ಲಿ ತೂಕ.

ಮೂಡಲಪಾಳ್ಯದ ಹತ್ತಿರದಲ್ಲೇ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿನ ಸಂಶೋಧಕರಲ್ಲಿ ನನ್ನ ಬೇಡಿಕೆ ಒಂದೇ. ರಾವ್ ವರದಿಯನ್ನು ಗ್ರಂಥಾಲಯದಲ್ಲಿ ಓದಿರಿ. ಮಾರನೆಯ ದಿನ ಬೈರಮಂಗಲಕ್ಕೆ ಹೋಗಿ, ಆ ನೀರನ್ನೇ ಗದ್ದೆಗೆ ಕಟ್ಟುವವರ ಜಗಲಿಯಲ್ಲಿ ಕುಳಿತು, ನ್ಯಾಯಸಮ್ಮತ ಎಂಬ ಮಾತಿಗೆ ಅವರು ಏನನ್ನುತ್ತಾರೆಂದು ಕನ್ನಡದಲ್ಲಿ ಬರೆದುಕೊಳ್ಳಿರಿ.