ರಜೆಯ ಎರಡು ತಿಂಗಳು ಯಾರ ಪಕ್ಕ ಕೂರಬೇಕು?

ಡಿಗ್ರಿ ಎರಡನೇ ವರ್ಷ ಓದುವ ಹುಡುಗನೋ ಹುಡುಗಿಯೋ ಮದುವೆ ಮನೆಯಲ್ಲಿ ಕಣ್ಣಿಗೆ ಬಿದ್ದರೆ ದೊಡ್ಡವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: "ಮುಂದೇನು ಮಾಡ್ಬೇಕು ಅಂತಿದ್ದೀಯಪ್ಪಾ?" ಪಾಪ, ಆ ಮಕ್ಕಳ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಕಾಮರ್ಸಿನವರು ಎಂ.ಕಾಂ., ಇಲ್ಲವೇ ಬ್ಯಾಂಕ್ ಪರೀಕ್ಷೆ ಅನ್ನುತ್ತಾರೆ. ಕಲಾ ವಿಭಾಗದವರು ಬಿ.ಎಡ್., ಕೆಪಿಎಸ್‌ಸಿ ಅನ್ನುತ್ತಾರೆ. ಇಂಜಿನಿಯರಿಂಗಿನವರು "ಪ್ಲೇಸ್‌ಮೆಂಟ್ ನೋಡ್ಬೇಕು ಅಂಕಲ್" ಅಂದು ಮೊಬೈಲ್ ತೆಗೆಯುತ್ತಾರೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ಹೇಳಿದವರಿಗೆ ಆಗಿರುವುದಿಲ್ಲ. ಆಗುವುದಾದರೂ ಹೇಗೆ? ಬ್ಯಾಂಕಿನ ಕೌಂಟರಿನ ಈಚೆ ನಿಂತು ಚಲನ್ ಬರೆದಿದ್ದಾರೆಯೇ ಹೊರತು, ಆಚೆ ಕೂತವರ ಹೊತ್ತು ಬೆಳಗಿನಿಂದ ಸಂಜೆಯವರೆಗೆ ಹೇಗೆ ಹೋಗುತ್ತದೆ ಅಂತ ಅವರು ನೋಡಿಲ್ಲ.

ಇವತ್ತಿನ ನನ್ನ ಮಾತು ಇಂಥ ಗೊಂದಲದಲ್ಲಿರುವವರ ಬೇಸಿಗೆ ರಜೆಯ ಬಗ್ಗೆ. ಪರೀಕ್ಷೆ ಮುಗಿದು ಮುಂದಿನ ಸೆಮಿಸ್ಟರ್ ಶುರುವಾಗುವವರೆಗೆ ಒಂದೂವರೆ, ಎರಡು ತಿಂಗಳು ಸಿಗುತ್ತದೆ. (ಈಚೆಗೆ ವಿಶ್ವವಿದ್ಯಾಲಯಗಳ ವೇಳಾಪಟ್ಟಿ ಹಿಂದುಮುಂದಾಗಿ ಕೆಲವರ ಬೇಸಿಗೆ ರಜೆ ಮಳೆಗಾಲದಲ್ಲಿ ಬರುತ್ತದೆ, ಆ ಮಾತು ಬೇರೆ.) ಆ ಹೊತ್ತಿನಲ್ಲಿ ಇಂಟರ್ನ್‌ಶಿಪ್ ಮಾಡಿ, ಏನಾದರೊಂದು ಕೆಲಸಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಅಂದರೆ, ರೆಸ್ಯೂಮೆಗೆ ಒಳ್ಳೆಯದು ಅನ್ನುತ್ತಾರೆ. ಇರಬಹುದು. ಆದರೆ ಯಾವ ದಾರಿ ಹಿಡಿಯಬೇಕು ಅಂತಲೇ ತಿಳಿಯದವರಿಗೆ ರೆಸ್ಯೂಮೆಯ ಒಂದು ಸಾಲಿನಿಂದ ಏನೂ ಬಗೆಹರಿಯುವುದಿಲ್ಲ. ಅವರಿಗೆ ಬೇಕಾಗಿರುವುದು ಆ ಕೆಲಸ ಮಾಡುವವರ ಪಕ್ಕದಲ್ಲಿ ಕೂತು ಒಂದಷ್ಟು ದಿನ ನೋಡುವ ಅವಕಾಶ. ಹಾಗಾಗಿ ಯಾವ ಕಂಪನಿ ಅಂತ ಹುಡುಕುವುದಕ್ಕಿಂತ, ಯಾರ ಪಕ್ಕ ಕೂರಲು ಬಿಡುತ್ತಾರೆ ಅಂತ ಹುಡುಕುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ.

ಇದನ್ನು ವೈದ್ಯಕೀಯ ಶಿಕ್ಷಣ ಎಂದೋ ಒಪ್ಪಿಕೊಂಡಿದೆ. ಎಂಬಿಬಿಎಸ್ ಓದಿದವರೆಲ್ಲ ಕೊನೆಗೆ ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿಯಬೇಕು. ಒಂದೇ ಕಡೆ ಅಲ್ಲ. ಮೆಡಿಸಿನ್, ಸರ್ಜರಿ, ಹೆರಿಗೆ ವಾರ್ಡು, ಮಕ್ಕಳ ವಿಭಾಗ, ಹಳ್ಳಿಯ ಆರೋಗ್ಯ ಕೇಂದ್ರ ಹೀಗೆ ಸರದಿಯ ಮೇಲೆ ಎಲ್ಲ ಕಡೆ. ಸರ್ಜನ್ ಆಗಬೇಕು ಅಂತ ಪಿಯುಸಿಯಿಂದಲೇ ಕನಸು ಕಂಡವರು ಆಪರೇಷನ್ ಥಿಯೇಟರಿನಲ್ಲಿ ಗಂಟೆಗಟ್ಟಲೆ ನಿಂತ ಮೇಲೆ ಕಣ್ಣಿನ ವಿಭಾಗದ ಕಡೆ ನೋಡುವುದುಂಟು. ಮಕ್ಕಳೆಂದರೆ ದೂರ ಇದ್ದವರು ಮಕ್ಕಳ ಡಾಕ್ಟರಾಗುವುದೂ ಉಂಟು. ನಾಲ್ಕೂವರೆ ವರ್ಷ ಅದನ್ನೇ ಓದಿದವರಿಗೇ ಒಂದು ವರ್ಷ ಸುತ್ತಾಡಿಸಿ ತೋರಿಸಬೇಕಾಗುತ್ತದೆ. ಹೀಗಿರುವಾಗ ಬಿ.ಎ. ಎರಡನೇ ವರ್ಷದಲ್ಲೇ "ಗುರಿ ಸ್ಪಷ್ಟವಾಗಿರಬೇಕು" ಎಂದು ಗದರುವುದರಲ್ಲಿ ಅರ್ಥ ಇಲ್ಲ.

ನಮ್ಮವರೇ ಆದ ಇಬ್ಬರು ದೊಡ್ಡವರ ವಿಷಯ ಹೇಳುತ್ತೇನೆ. ಆರ್.ಕೆ. ನಾರಾಯಣ್ 1930ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲೆ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಕೆಲವೇ ದಿನಕ್ಕೆ ಬಿಟ್ಟು ಬಂದರು. ಮೇಷ್ಟ್ರ ಮಗನಾಗಿದ್ದರೂ, ಮೇಷ್ಟ್ರ ಕೆಲಸ ತನಗೆ ಹಿಡಿಸುವುದಿಲ್ಲ ಅಂತ ಮನವರಿಕೆಯಾಗಲು ಅವರು ಆ ಊರಿಗೆ ಹೋಗಿ ತರಗತಿಯಲ್ಲಿ ನಿಲ್ಲಬೇಕಾಯಿತು. ಇನ್ನೊಬ್ಬರು ಸಿ.ವಿ. ರಾಮನ್. 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಸೇರಿದರು, ಒಳ್ಳೆಯ ಸಂಬಳ. ಹಗಲೆಲ್ಲ ಸರ್ಕಾರದ ಲೆಕ್ಕಪತ್ರ. ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ, ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯ. ಹೀಗೆ ಹತ್ತು ವರ್ಷ ನಡೆಸಿ 1917ರಲ್ಲಿ ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾಗಿ ಹೋದರು. ರಾಮನ್ ಅವರಿಗೂ ದಾರಿ ಒಂದೇ ಸಲಕ್ಕೆ ನೇರವಾಗಿರಲಿಲ್ಲ ಎನ್ನುವುದಷ್ಟೇ ಇಲ್ಲಿ ನನಗೆ ಮುಖ್ಯ.

ಅವರೇ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇವತ್ತು ದೆಹಲಿಯ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ದೇಶದ ಯಾವುದೋ ಪ್ರಯೋಗಾಲಯದಲ್ಲಿ, ಒಬ್ಬ ವಿಜ್ಞಾನಿಯ ಕೈಕೆಳಗೆ ಎರಡು ತಿಂಗಳು. ತಿಂಗಳ ಭತ್ಯೆ ಇದೆ, ಹೋಗಿಬರುವ ರೈಲು ಖರ್ಚೂ ಸಿಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದೊಂದು ಬೇಸಿಗೆ ಫೆಲೋಶಿಪ್ ಇದೆ. ಬಿ.ಎಸ್‌ಸಿ. ಓದುವ ಎಷ್ಟೋ ಮಕ್ಕಳಿಗೆ, ಅದರಲ್ಲೂ ಜಿಲ್ಲಾ, ತಾಲ್ಲೂಕು ಕಾಲೇಜುಗಳವರಿಗೆ ಇವುಗಳ ಸುದ್ದಿಯೇ ಮುಟ್ಟುವುದಿಲ್ಲ. ಅಲ್ಲಿಗೆ ಹೋದವರಿಗೆ ವಿಜ್ಞಾನದ ಬಗ್ಗೆ ಮೊದಲು ತಿಳಿಯುವುದು ಬೇಜಾರಿನ ಸಂಗತಿ. ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಬೇಕು, ಪಿಪೆಟ್ ಹಿಡಿದು ಬೆರಳು ಸೋಲಬೇಕು, ಮೂರು ದಿನ ಬೆಳೆಸಿದ್ದಕ್ಕೆ ನಾಲ್ಕನೇ ದಿನ ಬೂಷ್ಟು ಹಿಡಿದಿರುತ್ತದೆ. ಇದನ್ನು ಕಂಡೂ ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗೋಣ ಅನ್ನಿಸಿದರೆ, ಅದಕ್ಕಿಂತ ದೊಡ್ಡ ಸುಳಿವು ಯಾವ ಕೌನ್ಸೆಲಿಂಗಿನಲ್ಲೂ ಸಿಗುವುದಿಲ್ಲ.

ಪ್ರಯೋಗಾಲಯ, ಕಾರ್ಪೊರೇಟ್ ಕಚೇರಿ ಇಷ್ಟೇ ಇಂಟರ್ನ್‌ಶಿಪ್ ಅಂದುಕೊಳ್ಳಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಮೇ ಕೊನೆಗೋ ಜೂನಿನಲ್ಲೋ ಹೋಗಿ ನೋಡಿ. ಊರಿಗೆ ಊರೇ ಮಾವು. ಟ್ರ್ಯಾಕ್ಟರುಗಳಲ್ಲಿ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಬಂದು ಮಂಡಿಗಳ ಮುಂದೆ ರಾಶಿ ಬೀಳುತ್ತವೆ. ತೋತಾಪುರಿಯಂತೂ ಲಾರಿಗಟ್ಟಲೆ ಚಿತ್ತೂರಿನ ಪಲ್ಪ್ ಕಾರ್ಖಾನೆಗಳ ದಾರಿ ಹಿಡಿಯುತ್ತದೆ. ಆ ಎರಡು ಮೂರು ತಿಂಗಳು ಮಂಡಿಗಳಿಗೆ ಲೆಕ್ಕ ಬರೆಯುವ ಕೈ ಬೇಕು. ನಾನು ಬಲ್ಲ ಬಿ.ಕಾಂ. ಹುಡುಗನೊಬ್ಬ ಅಲ್ಲಿನ ಮಂಡಿಯೊಂದರಲ್ಲಿ ರಜೆ ಪೂರ್ತಿ ಕೂತಿದ್ದ. ಬೆಳಿಗ್ಗೆ ಹರಾಜಿನ ಹೊತ್ತಿಗೆ ತೂಕ, ದರ ಬರೆದುಕೊಳ್ಳಬೇಕು. ಮಧ್ಯಾಹ್ನ ಲಾರಿಗೆ ತುಂಬಿದ್ದರ ಲೆಕ್ಕ. ಸಂಜೆ ರೈತರಿಗೆ ಪಟ್ಟಿ. ಮೇಲೆ ಒಟ್ಟು ಮೊತ್ತ. ಕೆಳಗೆ ಒಂದೊಂದೇ ಕಳೆಯುತ್ತ ಬರಬೇಕು, ಕಮಿಷನ್ ಇಷ್ಟು, ಹಮಾಲಿ ಇಷ್ಟು, ಗಾಡಿ ಬಾಡಿಗೆ ಇಷ್ಟು, ಹೂ ಬಿಡುವ ಕಾಲಕ್ಕೆ ತೆಗೆದುಕೊಂಡಿದ್ದ ಮುಂಗಡ ಇಷ್ಟು. ಕೊನೆಯಲ್ಲಿ ಉಳಿದದ್ದನ್ನು ಓದಿ ಹೇಳಬೇಕು. "ಇದ್ಯಾಕಪ್ಪ ಇಷ್ಟು ಕಮ್ಮಿ?" ಅಂತ ಮೇಜಿನ ಮುಂದೆ ನಿಂತ ಮುದುಕ ಕೇಳುತ್ತಾನೆ. ಆಗ ಮೊದಲಿಂದ ಮತ್ತೆ ಓದಬೇಕು. ಮಂಡಿ ಮಾಲೀಕರು ಅಷ್ಟೊತ್ತಿಗೆ ಒಳಗೆ ಫೋನಿನಲ್ಲಿರುತ್ತಾರೆ.

ಆ ಹುಡುಗ ಒಂದು ದಿನ ನನಗೆ ಹೇಳಿದ್ದು ನೆನಪಿದೆ. "ಸಾರ್, ಲೆಕ್ಕ ಬೇಜಾರಾಗಲ್ಲ. ಎದುರಿಗೆ ನಿಂತು ಲೆಕ್ಕ ಕೇಳ್ತಾರಲ್ಲ, ಅವರ ಮುಖ ನೋಡೋದು ಕಷ್ಟ." ತನ್ನ ಬಗ್ಗೆ ತನಗೇ ಗೊತ್ತಿಲ್ಲದ ಎರಡು ವಿಷಯ ಆ ಮಾತಿನಲ್ಲಿವೆ. ಅಂಕಿಗಳ ಜೊತೆ ದಿನವಿಡೀ ಇರಬಲ್ಲೆ. ದುಡ್ಡಿನ ವ್ಯವಹಾರದಲ್ಲಿ ಮುಖಾಮುಖಿ ನಿಲ್ಲುವುದು ಆಗದು. ಬ್ಯಾಂಕಿನ ಸಾಲ ವಸೂಲಿ ಕೆಲಸಕ್ಕೆ ಸೇರಿ ಎರಡು ವರ್ಷ ಕೊರಗಿದ ಮೇಲೆ ಗೊತ್ತಾಗಬೇಕಾದದ್ದು ಮಾವಿನ ಸುಗ್ಗಿಯಲ್ಲೇ ಗೊತ್ತಾಯಿತು. ಅವನೀಗ ಆಡಿಟರ್ ಒಬ್ಬರ ಹತ್ತಿರ ಸಿ.ಎ. ಆರ್ಟಿಕಲ್‌ಶಿಪ್‌ನಲ್ಲಿದ್ದಾನೆ. ಮೊದಲು ಅದು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡಕ್ಕೆ ಇಳಿದಿದೆ. ಎರಡಾದರೂ ಕಡಿಮೆಯೇನಲ್ಲ, ಕೈಹಾಕುವ ಮೊದಲು ಅಂಕಿಗಳ ಸಹವಾಸ ಹೇಗಿದೆ ಅಂತ ನೋಡಿಕೊಂಡಿರುವುದು ವಾಸಿ.

ಕಾನೂನು ಓದುವವರಿಗೆ ಇದು ಐಚ್ಛಿಕವೂ ಅಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮುಗಿಸಿರಬೇಕು. ಇಲ್ಲೊಂದು ತಮಾಷೆ ಇದೆ. ವಿದ್ಯಾರ್ಥಿಗಳು ಕೋರ್ಟು ನೋಡಬೇಕು ಅಂತ ಮೇ ತಿಂಗಳಲ್ಲಿ ವಕೀಲರ ಕಚೇರಿಗೆ ಬರುತ್ತಾರೆ. ಅದೇ ಹೊತ್ತಿಗೆ ಹೈಕೋರ್ಟಿಗೂ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ಹಾಗಾಗಿ ಮೇನಲ್ಲಿ ಕಚೇರಿಯಲ್ಲಿ ಕೂತು ಹಳೆ ಫೈಲುಗಳನ್ನು ಮೊದಲ ಹಾಳೆಯಿಂದ ಓದಿ, ಜೂನಿನಲ್ಲಿ ಕೋರ್ಟ್ ಹಾಲಿಗೆ ಹೋಗುವ ಹಾಗೆ ವಕೀಲರ ಹತ್ತಿರ ಮಾತಾಡಿಕೊಳ್ಳಿ. ಕೇಸು ಕೂಗುವವರೆಗೆ ಕಾದು, ಮುಂದಿನ ದಿನಾಂಕ ಬರೆದುಕೊಂಡು ಈಚೆ ಬರುವುದೇ ಎಷ್ಟೋ ದಿನದ ಕೆಲಸ. ಸಿನಿಮಾದ ವಾದವಿವಾದ ನೋಡಿ ಕಾನೂನಿಗೆ ಸೇರಿದವರು ಇದನ್ನು ಮೂರನೇ ವರ್ಷಕ್ಕಿಂತ ಮೊದಲ ವರ್ಷದಲ್ಲೇ ನೋಡುವುದು ಒಳ್ಳೆಯದು.

ಕಲಾ ವಿಭಾಗದವರು "ನಮಗ್ಯಾರು ಕೊಡ್ತಾರೆ" ಅನ್ನುವುದುಂಟು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಮಕ್ಕಳಿಗಾಗಿ ಚಿಣ್ಣರ ಮೇಳ ನಡೆಸುತ್ತದೆ. ಊರೂರಲ್ಲಿ ಬೇಸಿಗೆ ಶಿಬಿರಗಳಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಬರುವ ಮಕ್ಕಳಿಗೆ ದಿನಕ್ಕೆರಡು ಗಂಟೆ ಓದಿಸುತ್ತೇನೆ ಅಂತ ಹೋದರೆ ಬೇಡ ಅನ್ನುವವರು ಅಪರೂಪ. ಬಿ.ಎಡ್. ಮಾಡಬೇಕೋ ಬೇಡವೋ ಎಂದು ಒದ್ದಾಡುವವರಿಗೆ, ಮೂವತ್ತು ಮಕ್ಕಳ ಗಲಾಟೆಯ ನಡುವೆ ಒಂದು ವಾರ ಕಳೆದರೆ ಅರ್ಧ ಉತ್ತರ ಸಿಕ್ಕ ಹಾಗೆ. ಪತ್ರಿಕೋದ್ಯಮದ ಆಸೆ ಇದ್ದವರು ಜಿಲ್ಲಾ ಪತ್ರಿಕೆಯ ಕಚೇರಿಗೆ ಹೋಗಲಿ. ಅಲ್ಲಿ ನಾಲ್ಕು ಜನ ಇರುತ್ತಾರೆ, ಹಾಗಾಗಿ ಎರಡನೇ ದಿನವೇ ಕೆಲಸ ಕೈಗೆ ಬರುತ್ತದೆ.

ದೊಡ್ಡ ಕಚೇರಿಗಳಲ್ಲಿ ಇದರ ತದ್ವಿರುದ್ಧ. ಇಂಟರ್ನ್ ಆಗಿ ಹೋದವರ ಸಾಮಾನ್ಯ ದೂರು, "ಏನೂ ಕೆಲಸ ಕೊಡಲ್ಲ" ಅನ್ನುವುದು. ಕೊಡುವುದಿಲ್ಲ, ನಿಜ. ಕೊಟ್ಟರೆ ಕಲಿಸಬೇಕು, ತಿದ್ದಬೇಕು. ಅವರಿಗೆ ಅವರದೇ ಕೆಲಸ ಬೆಟ್ಟದಷ್ಟಿರುತ್ತದೆ. ಮೂಲೆಯಲ್ಲಿ ಕೂತು ಮೊಬೈಲ್ ನೋಡುವ ಬದಲು, ಯಾರಿಗೂ ಇಷ್ಟವಿಲ್ಲದ ಕೆಲಸ ಒಂದನ್ನು ಕೇಳಿ ತೆಗೆದುಕೊಳ್ಳಿ. ಮೀಟಿಂಗಿನ ಟಿಪ್ಪಣಿ, ಹಳೆ ಬಿಲ್ಲುಗಳ ಜೋಡಣೆ, ಗ್ರಾಹಕರಿಗೆ ಫೋನ್. ಆ ನೆಪದಲ್ಲಿ ನಾಲ್ಕು ಜನರ ಮೇಜಿಗೆ ಹೋಗುವ ದಾರಿ ಆಗುತ್ತದೆ. ಹೋದಾಗ, ಸೇರಿ ಐದಾರು ವರ್ಷ ಆದವರನ್ನು ಹುಡುಕಿ ಮಾತಾಡಿಸಿ. ಮ್ಯಾನೇಜರು ಕೆಲಸವನ್ನು ಹೊಗಳುತ್ತಾರೆ, ಹೊಸಬರು ಬೈಯುತ್ತಾರೆ. ಐದು ವರ್ಷ ಉಳಿದವರು ಯಾಕೆ ಉಳಿದರು ಅಂತ ಹೇಳಬಲ್ಲರು. ಕ್ಯಾಂಟೀನಿನಲ್ಲಿ ಟೀ ಹೊತ್ತು ಅದಕ್ಕೆ ಸರಿ.

ಇನ್ನು ದುಡ್ಡಿನ ಮಾತು. ಇಂಟರ್ನ್‌ಶಿಪ್ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಕಾಲೇಜುಗಳು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ಮೇಲೆ ಸರ್ಟಿಫಿಕೇಟ್ ಮಾರುವ ಅಂಗಡಿಗಳೂ ಹುಟ್ಟಿಕೊಂಡಿವೆ. ನಾಲ್ಕು ವಿಡಿಯೋ ತೋರಿಸಿ, ಹಣ ತೆಗೆದುಕೊಂಡು, ಮೊಹರು ಹೊಡೆದ ಹಾಳೆ ಕೊಡುತ್ತಾರೆ. ಅಂಕ ಸಿಗಬಹುದು, ಕೆಲಸ ನೋಡಿದ ಹಾಗಾಗುವುದಿಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ಪಿನ ಬಗ್ಗೆಯೂ ನನಗೆ ತಕರಾರಿದೆ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರ ಮಕ್ಕಳಿಗೆ ಅದು ಸಾಧ್ಯ. ರಾಯಚೂರಿನಿಂದ ಬಂದು ಪಿಜಿ ಬಾಡಿಗೆ ಕಟ್ಟಿ ಬಿಟ್ಟಿ ದುಡಿಯುವುದು ಯಾರಿಗೆ ಆಗುತ್ತದೆ? ಅಂಥವರು ತಮ್ಮ ಜಿಲ್ಲೆಯಲ್ಲೇ ಆಡಿಟರು, ವಕೀಲರು, ಔಷಧಿ ಅಂಗಡಿ, ಕೃಷಿ ಸಂಶೋಧನಾ ಕೇಂದ್ರ, ಸಹಕಾರ ಸಂಘ ನೋಡುವುದು ಜಾಣತನ. ಮನೆಗೆ ದುಡ್ಡು ಬೇಕೇಬೇಕು ಅಂತ ಮದುವೆ ಸೀಸನ್ನಿನಲ್ಲಿ ಬಡಿಸಲು ಹೋಗುವವರು, ಪೆಟ್ರೋಲ್ ಬಂಕಿನಲ್ಲಿ ನಿಲ್ಲುವವರು ಅದನ್ನು ಮುಚ್ಚಿಡಬೇಕಾಗಿಲ್ಲ. ಸಾವಿರ ಜನಕ್ಕೆ ಪಂಕ್ತಿ ಮೇಲೆ ಪಂಕ್ತಿ ಬಡಿಸಿ ಮುಗಿಸುವ ಅಡುಗೆ ಕಾಂಟ್ರ್ಯಾಕ್ಟರರ ಲೆಕ್ಕಾಚಾರ ಹತ್ತಿರದಿಂದ ನೋಡಿದವರಿಗೆ ವ್ಯವಹಾರ ನಡೆಸುವುದು ಅಂದರೇನು ಅಂತ ಬೇರೆಯಾಗಿ ಹೇಳಿಕೊಡಬೇಕಿಲ್ಲ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 2024ರ ಅಕ್ಟೋಬರಿನಲ್ಲಿ ಶುರುವಾದಾಗ ಅದರ ಷರತ್ತು ಹೀಗಿತ್ತು: 21ರಿಂದ 24 ವರ್ಷದವರು, 12 ತಿಂಗಳ ಅವಧಿ, ತಿಂಗಳಿಗೆ 5,000 ರೂಪಾಯಿ, ಆರಂಭಕ್ಕೆ ಒಂದು ಸಲ 6,000 ರೂಪಾಯಿ. ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಆಗ ಅದು ಇರಲಿಲ್ಲ. ಹಾಗಾಗಿ ಈಗಿನ ಷರತ್ತು ನೋಡದೆ, ರಜೆಯಲ್ಲಿ ಮಾಡಿಬಿಡೋಣ ಅಂತ ಕಾಯಬೇಡಿ. ಡಿಗ್ರಿ ಮುಗಿದು ಮನೆಯಲ್ಲಿ ಕೂತ ಅಣ್ಣನಿಗೋ ಅಕ್ಕನಿಗೋ ಹೇಳಿ.

ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ತಂದೆತಾಯಿಗಳಿಗೆ ಒಂದು ಮಾತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳದ ನೌಕರರಿಗೆ ಮಾತ್ರ ಅಲ್ಲ. ತರಬೇತಿಗೆ ಬಂದವರು, ಸಂಬಳವಿಲ್ಲದೆ ದುಡಿಯುವವರು ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕ ಜಾಗದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸೇರಿದ ದಿನವೇ "ಸಮಿತಿಯಲ್ಲಿ ಯಾರಿದ್ದಾರೆ?" ಅಂತ ಕೇಳಿ. ಉತ್ತರ ಕೊಡಲು ತಡವರಿಸುವ ಕಚೇರಿಯ ಬಗ್ಗೆ ಅಷ್ಟರಲ್ಲೇ ಒಂದಿಷ್ಟು ತಿಳಿಯುತ್ತದೆ.

ಬಿಟ್ಟು ಬರುವಾಗ ಪತ್ರ ಕೇಳಿ ತೆಗೆದುಕೊಳ್ಳಿ. "ಯಶಸ್ವಿಯಾಗಿ ಪೂರೈಸಿದ್ದಾರೆ" ಎಂಬ ಒಂದು ಸಾಲಿನ ಪತ್ರ ಬೇಡ. ನೀವು ಮಾಡಿದ ಕೆಲಸ ಏನು ಅಂತ ಎರಡು ಮೂರು ಸಾಲಿನಲ್ಲಿ ಇರಲಿ. ಬರೆದುಕೊಡಲು ಅವರಿಗೆ ಬಿಡುವಿಲ್ಲದಿದ್ದರೆ ನೀವೇ ಬರೆದುಕೊಂಡು ಹೋಗಿ, ಸಹಿ ಹಾಕಿಕೊಡುತ್ತಾರೆ.

ಕೊನೆಗೆ ಕಾಲದ ವಿಷಯ. ವಿಜ್ಞಾನ ಅಕಾಡೆಮಿಯಂಥ ಕಡೆ ಬೇಸಿಗೆಯ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದುಹೋಗುತ್ತದೆ, ಆದ್ದರಿಂದ ದೀಪಾವಳಿ ಹೊತ್ತಿಗೇ ವಿಚಾರಿಸಿ. ನಿಮ್ಮ ಅಧ್ಯಾಪಕರ ಶಿಫಾರಸು ಪತ್ರಕ್ಕೂ ಸಮಯ ಬೇಕು. ಆಡಿಟರು, ವಕೀಲರು, ಶಿಬಿರ, ಪತ್ರಿಕಾ ಕಚೇರಿಗಳಿಗೆ ಅರ್ಜಿ ಗಿರ್ಜಿ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಸಂಜೆ ಖುದ್ದಾಗಿ ಹೋಗಿ, ಓದುತ್ತಿರುವುದು ಏನು, ಎಷ್ಟು ದಿನ ಬರಬಲ್ಲೆ ಅಂತ ಹೇಳಿದರೆ ಸಾಕು. ಆಡಿಟರ ಹತ್ತಿರ ಮಾತ್ರ ಮಾರ್ಚ್ ಕೊನೆಯ ವಾರ ಹೋಗಬೇಡಿ, ತಲೆ ಎತ್ತಿಯೂ ನೋಡುವುದಿಲ್ಲ.