ಮರದಲ್ಲಿ ಹುಟ್ಟಿ, ಬಳಕೆಯಲ್ಲಿ ಉಳಿದ ಚರ್ಚು



ಕೊಚ್ಚಿಗೆ ಪ್ರವಾಸ ಹೋದವರು ಕಡಲ ದಂಡೆಯ ಚೀನಾ ಬಲೆಗಳನ್ನು ನೋಡಿ, ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ನಡೆದು ಹೋಗುವುದು ವಾಡಿಕೆ. ಒಳಗೆ ಕಾಲಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: ವಾಸ್ಕೋ ಡ ಗಾಮನ ಸಮಾಧಿ ಎಲ್ಲಿ? ದಕ್ಷಿಣದ ಬದಿಯಲ್ಲಿ ಕಟಕಟೆ ಹಾಕಿದ ಆ ಕಲ್ಲನ್ನು ನೋಡಿ, ಫೋಟೋ ತೆಗೆದು ಹತ್ತೇ ನಿಮಿಷದಲ್ಲಿ ಹೊರಗೆ ಬರುತ್ತಾರೆ. ನಿಜ ಹೇಳಬೇಕೆಂದರೆ ಆ ಸಮಾಧಿ ಖಾಲಿ. ಗಾಮ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ. ಸುಮಾರು ಹದಿನಾಲ್ಕು ವರ್ಷಗಳ ಮೇಲೆ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಹಾಗಾಗಿ ಸಮಾಧಿಯನ್ನು ಅಲ್ಲಿಗೇ ಬಿಟ್ಟು, ಅದರ ಸುತ್ತ ನಿಂತಿರುವ ಕಟ್ಟಡದ ಕಥೆಯನ್ನು ನಾವಿಂದು ನೋಡೋಣ.

ಈ ಚರ್ಚು ಹುಟ್ಟಿದ್ದು ಮರದಲ್ಲಿ. 1503ರಲ್ಲಿ ಕೊಚ್ಚಿಯ ಅರಸರು ಪೋರ್ಚುಗೀಸರಿಗೆ ಕೋಟೆ ಕಟ್ಟಿಕೊಳ್ಳಲು ಒಪ್ಪಿದರು. ಕಲ್ಲಿಕೋಟೆಯ ಸಾಮೂದಿರಿಯ ವಿರುದ್ಧ ನೆರವಾದುದಕ್ಕೆ ಸಿಕ್ಕ ಪ್ರತಿಫಲವದು. ಕೋಟೆಯೂ ಮರದ್ದು, ಅದರೊಳಗಿನ ಚರ್ಚೂ ಮರದ್ದು. ಕಲ್ಲು ಗಾರೆಯಲ್ಲಿ ಕಟ್ಟುವ ಹಕ್ಕು ಅರಮನೆಗೆ, ದೇವಸ್ಥಾನಕ್ಕೆ ಮಾತ್ರ ಎಂಬುದು ಅಂದಿನ ಕಟ್ಟಳೆ. 1506ರಲ್ಲಿ ವೈಸರಾಯ್ ಅಲ್ಮೇಡ ಆ ಅನುಮತಿಯನ್ನೂ ಪಡೆದ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಲ್ಲು, ಇಟ್ಟಿಗೆ, ಗಾರೆಯಲ್ಲಿ ಕಟ್ಟಿಸಿದ ಹೊಸ ಚರ್ಚು 1516ರಲ್ಲಿ ಮುಗಿದು, ಸಂತ ಅಂತೋಣಿಯ ಹೆಸರು ಪಡೆಯಿತು.

ಮರದಲ್ಲಿ ಕಟ್ಟಿಕೊಳ್ಳಿ ಎಂಬ ಮಾತಿನಲ್ಲಿ ಒಂದು ಎಚ್ಚರಿಕೆಯೂ ಅಡಗಿರುತ್ತದೆ. ಇರಿ, ಆದರೆ ಬೇರು ಬಿಡಬೇಡಿ ಎಂದಂತೆ. ಇದು ನಮ್ಮ ದೇಶದ ಸಂಗತಿ ಮಾತ್ರವಲ್ಲ. ಇಂದು ಪೋಲೆಂಡಿನಲ್ಲಿರುವ ಸೈಲೀಸಿಯಾ ಪ್ರಾಂತದಲ್ಲಿ, 1648ರ ಶಾಂತಿ ಒಪ್ಪಂದದ ನಂತರ, ಕ್ಯಾಥಲಿಕ್ ಚಕ್ರವರ್ತಿಯು ಲೂಥರನ್ ಪಂಥದವರಿಗೆ ಮೂರು ಚರ್ಚುಗಳನ್ನು ಕಟ್ಟಿಕೊಳ್ಳಲು ಬಿಟ್ಟ. ಷರತ್ತುಗಳು ಕಠಿಣ. ಊರ ಗೋಡೆಯ ಹೊರಗೆ ಕಟ್ಟಬೇಕು, ಒಂದೇ ವರ್ಷದಲ್ಲಿ ಮುಗಿಸಬೇಕು, ಗೋಪುರ ಇರಕೂಡದು. ಮರ, ಮಣ್ಣು, ಹುಲ್ಲು ಬಿಟ್ಟು ಬೇರೇನನ್ನೂ ಬಳಸಕೂಡದು. ಅವರು ಮರದ ಚೌಕಟ್ಟು ನಿಲ್ಲಿಸಿ, ಸಂದುಗಳಿಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿ ಕಟ್ಟಿದರು. ಬೇಗ ಬಿದ್ದುಹೋಗಲಿ ಎಂದೇ ಷರತ್ತು ಹಾಕಿದ ಆ ಚರ್ಚುಗಳಲ್ಲಿ ಒಂದು 1758ರಲ್ಲಿ ಬೆಂಕಿಗೆ ಆಹುತಿಯಾಯಿತು. ಯಾವೊರ್ ಮತ್ತು ಶ್ವಿದ್ನಿತ್ಸಾದ ಎರಡು ಇನ್ನೂ ನಿಂತಿವೆ. 2001ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ಮರವೆಂದರೆ ಕೇರಳದ ಅರಸರಿಗೆ ತಾತ್ಸಾರವಿತ್ತೇ? ಖಂಡಿತ ಇಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ತಿರುವನಂತಪುರಕ್ಕೆ ಹೋಗಬೇಕು. ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಕುದಿರೆಮಾಳಿಗೆ ಇದೆ. ಅದರ ಸೂರಿನ ಕೆಳಗೆ ಸಾಲಾಗಿ 122 ಮರದ ಕುದುರೆಗಳು. ತೇಗ, ಹಲಸು, ಹೆಬ್ಬಲಸು ಇವು ಈ ನಾಡಿನ ಬಡಗಿಗಳ ಕೈಗೆ ಒಗ್ಗಿದ ಮರಗಳು. ಕಬ್ಬಿಣದ ಮೊಳೆಯ ಹಂಗಿಲ್ಲದೆ, ಮರದ ಬೆಣೆ ಹೊಡೆದು ತೊಲೆಗೆ ಪಕಾಸು ಕೂಡಿಸುವ ವಿದ್ಯೆ ಅವರದು. ದಕ್ಷಿಣ ಕನ್ನಡದ, ಮಲೆನಾಡಿನ ಹಳೆಯ ಮನೆಗಳನ್ನು ಕಂಡ ನಿಮಗೆ ಈ ಕೆಲಸ ಹೊಸದೆನಿಸದು. ಮಳೆ ಎಲ್ಲೆಡೆ ಅದೇ, ಪರಿಹಾರವೂ ಬಹುತೇಕ ಅದೇ: ಕಡಿದಾದ ಇಳಿಜಾರು, ಮುಂದೆ ಚಾಚಿದ ಸೂರು.

ಈಗ ಮತ್ತೆ ಕೊಚ್ಚಿಗೆ ಬರೋಣ. ಚರ್ಚಿನ ಮುಖ ಪಶ್ಚಿಮಕ್ಕೆ. ಕಮಾನಿನ ಬಾಗಿಲು, ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ, ತುದಿಯಲ್ಲಿ ಮೂರು ಕಿಂಡಿಗಳ ಗಂಟೆಗೂಡು. ಹಿಂದಕ್ಕೆ ಹಂಚಿನ ಇಳಿಮಾಡು. ಒಳಗೆ ಆಡಂಬರವಿಲ್ಲ. ಮೇಲೆ ಕೈಯಿಂದ ಎಳೆಯುವ ಬಟ್ಟೆಯ ಪಂಖಾಗಳು ಅಡ್ಡಡ್ಡ ತೂಗಿವೆ. ಅವುಗಳ ಹಗ್ಗವನ್ನು ಗೋಡೆಯ ಆಚೆ ನಿಂತ ಆಳು ಎಳೆಯುತ್ತಿದ್ದ. ನೆಲದಲ್ಲಿದ್ದ ಗೋರಿಗಲ್ಲುಗಳನ್ನು 1886ರಲ್ಲಿ ಎಬ್ಬಿಸಿ ಗೋಡೆಗೆ ಸೇರಿಸಿದರು: ಉತ್ತರಕ್ಕೆ ಪೋರ್ಚುಗೀಸರವು, ದಕ್ಷಿಣಕ್ಕೆ ಡಚ್ಚರವು. ಜೀವಂತ ಇದ್ದಾಗ ಕಾದಾಡಿದವರ ಹೆಸರುಗಳು ಈಗ ಎದುರುಬದುರು.

ಡಚ್ಚರು 1663ರಲ್ಲಿ ಕೊಚ್ಚಿಯನ್ನು ಗೆದ್ದಾಗ ಕ್ಯಾಥಲಿಕ್ ಕಟ್ಟಡಗಳನ್ನು ಕೆಡವುತ್ತ ಹೋದರು. ಇದನ್ನು ಮಾತ್ರ ತಮ್ಮ ಪ್ರಾಟೆಸ್ಟಂಟ್ ಪ್ರಾರ್ಥನೆಗೆ ಇಟ್ಟುಕೊಂಡರು. 1779ರಲ್ಲಿ ಜೀರ್ಣೋದ್ಧಾರ ಮಾಡಿಸಿ ಬಾಗಿಲ ಮೇಲೆ ಇಸವಿ ಕೆತ್ತಿಸಿದರು. 1795ರಲ್ಲಿ ಇಂಗ್ಲಿಷರು ಬಂದರು. 1804ರಲ್ಲಿ ಚರ್ಚು ಆಂಗ್ಲಿಕನ್ ಪಂಥದ ಕೈ ಸೇರಿತು. 1923ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಣೆಯಾಯಿತು. ಇಂದು ಅದು ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯದು. ಭಾನುವಾರದ ಪ್ರಾರ್ಥನೆ ಈಗಲೂ ನಡೆಯುತ್ತದೆ.

ಇದಕ್ಕೆ ಹೋಲಿಕೆಯಾಗಿ ಅದೇ ಊರಿನ ಸಾಂತಾ ಕ್ರೂಜ್ ಚರ್ಚನ್ನು ನೋಡಿ. ಡಚ್ಚರು ಅದನ್ನೂ ಕೆಡವಲಿಲ್ಲ, ಆದರೆ ಮದ್ದುಗುಂಡಿನ ಉಗ್ರಾಣ ಮಾಡಿಕೊಂಡರು. ಪ್ರಾರ್ಥನೆ ನಿಂತಿತು. ಇಂಗ್ಲಿಷರು ಬಂದಾಗ ಅದು ಅವರ ಕಣ್ಣಿಗೆ ಕೇವಲ ಉಗ್ರಾಣ, ಕೆಡವಿಬಿಟ್ಟರು. ಇಂದಿನ ಬೆಸಿಲಿಕಾ 1905ರಲ್ಲಿ ಪ್ರತಿಷ್ಠೆಯಾದ ಹೊಸ ಕಟ್ಟಡ. ಹಳೆಯದರ ಒಂದೇ ಒಂದು ಕಲ್ಲುಕಂಬ ಅದರ ಆವರಣದಲ್ಲಿ ಉಳಿದಿದೆ.

ಒಂದೇ ಕೋಟೆ, ಒಂದೇ ಶತ್ರು, ಎರಡು ಗತಿ. ಕಲ್ಲು ಗಟ್ಟಿ, ಮರ ದುರ್ಬಲ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಪೋಲೆಂಡಿನ ಮಣ್ಣು ಮರದ ಚರ್ಚು ಉಳಿಯಿತು, ಕೊಚ್ಚಿಯ ಕಲ್ಲಿನ ಸಾಂತಾ ಕ್ರೂಜ್ ಉರುಳಿತು. ಜನ ಯಾವುದನ್ನು ಯಾವುದಕ್ಕಾಗಿ ಕಟ್ಟಿದರೋ ಅದಕ್ಕೇ ಬಳಸುತ್ತ ಇದ್ದರೆ, ಸೋರಿದ ದಿನವೇ ಹಂಚು ಬದಲಾಗುತ್ತದೆ, ಗೆದ್ದಲು ಕಂಡ ದಿನವೇ ಪಕಾಸು ಬದಲಾಗುತ್ತದೆ.

ಇಂದು ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಊರೂರಿನ ಹಳೆಯ ಹಂಚಿನ ಇಗರ್ಜಿ, ಗುಡಿ, ಶಾಲೆಗಳನ್ನು ಕೆಡವಿ ಕಾಂಕ್ರೀಟು ಹಾಕುವ ಆತುರ ಕಾಣುತ್ತದೆ. ಜಾಗ ಸಾಲದು ಎಂಬ ಕಷ್ಟ ನಿಜವೇ. ಆದರೂ ಸಭೆ ಸೇರಿ ತೀರ್ಮಾನಿಸುವ ಮೊದಲು ಒಬ್ಬ ಹಿರಿಯ ಬಡಗಿಯನ್ನು ಕರೆದು ಮಾಡು ಹತ್ತಿಸಿ. ಯಾವ ತೊಲೆ ಗಟ್ಟಿಯಿದೆ, ಯಾವುದನ್ನು ಬದಲಿಸಬೇಕು ಎಂದು ಅವರ ಬಾಯಿಂದ ಕೇಳಿ. ಆಮೇಲೆ ಲೆಕ್ಕ ಹಾಕಿ. ಕೆಡವುವುದಕ್ಕೆ ಒಂದು ವಾರ ಸಾಕು. ಆ ಮರ ಬೆಳೆಯಲು ನೂರು ವರ್ಷ ಬೇಕಾಗುತ್ತದೆ.

ಮುಂದಿನ ಸಲ ಕೊಚ್ಚಿಗೆ ಹೋದಾಗ, ಸಮಾಧಿ ನೋಡಿದ ಮೇಲೆ ಒಮ್ಮೆ ತಲೆಯೆತ್ತಿ ಮಾಡನ್ನೂ ನೋಡಿ ಬನ್ನಿ.